ಎಬ್ಬಿಸಬೇಕಾದವರು

ಟೈಪ್‌ಸ್ಕ್ರಿಪ್ಟ್ ಕೋಡಿನೊಳಗೆ ಎಂಟು ವರ್ಷದ ಹಿಂದೆ ತಾವೇ ಬರೆದಿಟ್ಟಿದ್ದ ತಮ್ಮ ಫೋನ್ ನಂಬರನ್ನು ಸಾಫ್ಟ್‌ವೇರ್ ಟೀಮಿನ ಹಿರಿಯ ಮೇಡಂ ಅಳಿಸಿದರು. ಆಸ್ಪತ್ರೆಯ ಸರ್ವರ್ ನಿಂತಾಗಲೆಲ್ಲ ಅಲಾರಂ ಹೊಡೆಯುತ್ತಿದ್ದುದು ಆ ಒಂದೇ ಫೋನಿನಲ್ಲಿ. ಇವತ್ತು ಅವರ ಕೆಲಸದ ಕೊನೆಯ ದಿನ.

"ಇನ್ಮೇಲೆ ಯಾರನ್ನ ಎಬ್ಬಿಸ್ಬೇಕು ಅಂತ ಅಲಾರಂಗೆ ಕಂಟೇನರೇ, ಅಂದ್ರೆ ಕೋಡಿಗೆ ಬೇಕಾದ್ದನ್ನ ಒಂದೇ ಕಡೆಯಿಂದ ಒದಗಿಸೋ ಭಾಗನೇ, ಹೇಳುತ್ತೆ. ಅದರಲ್ಲಿ ಒಂದು ನಂಬರ್ ಹಾಕಿದ್ರೆ ಸಾಕು," ಎಂದು ಕೋಡನ್ನು ರನ್ ಮಾಡಿದರು. ಕೆಂಪು ಸಾಲು ಬಂತು: ಯಾರೂ ನೋಂದಣಿಯಾಗಿಲ್ಲ.

"ಯಾರನ್ನ ಹಾಕ್ಲಿ?"

ಟೀಮಿನವರೆಲ್ಲ ಕೀಬೋರ್ಡಿನತ್ತ ತಲೆ ತಗ್ಗಿಸಿದರು. "ಒಂದು ಅಲಾರಂ, ಅದೇನು ಮಹಾ" ಎಂದು ಯಾವಾಗಲೂ ನಗುತ್ತಿದ್ದ ಮ್ಯಾನೇಜರೇ ಕೊನೆಗೆ ಕುರ್ಚಿ ಎಳೆದುಕೊಂಡು ತಮ್ಮ ನಂಬರ್ ಹಾಕಿದರು. ಮತ್ತೆ ರನ್ ಮಾಡಿದಾಗ ಕೆಂಪು ಸಾಲು ಹೋಯಿತು. ಮ್ಯಾನೇಜರ್ ಮಾತ್ರ ಕುರ್ಚಿಯಿಂದ ಏಳಲಿಲ್ಲ.

"ಮೇಡಂ, ರಾತ್ರಿ ಹೊತ್ತು ಎಷ್ಟು ಸಲ ಹೊಡೆಯುತ್ತೆ ಇದು?"