ಬಳ್ಳಿ ಕಡಿಯುವಾಗಿನ ಹಾಡು

ದನಿ ಬಂದತ್ತ ಚಾಚಿ ಕೊರಳಿಗೆ ಸುತ್ತುವ ಬಳ್ಳಿಯನ್ನು ಒಬ್ಬರೇ ಕಡಿಯುವಂತಿಲ್ಲ. ಒಬ್ಬರು ದೂರ ನಿಂತು ಹಾಡಬೇಕು, ಇನ್ನೊಬ್ಬರು ತುಟಿ ಬಿಚ್ಚದೆ ಬೇರು ಕೊಯ್ಯಬೇಕು. ಅತ್ತೆ ನೀಲಗಂಗವ್ವ ಹಿತ್ತಲ ಗೋಡೆಯಾಚೆ ನಿಂತು ಬೀಸುವ ಪದ ಹಾಡುತ್ತಿದ್ದಳು. ಮಗು ಮಲಗಿದ್ದ ಕೋಣೆಯ ಕಿಟಕಿಯ ಕೆಳಗೆ ಸೊಸೆ ಶಾಂಭವಿ ಕುಡುಗೋಲು ಆಡಿಸುತ್ತಿದ್ದಳು.

ಬೇರು ಅರ್ಧ ಕೊಯ್ದಾಗ ಅತ್ತೆಗೆ ಮುಂದಿನ ಸಾಲು ಮರೆತುಹೋಯಿತು. ಅದೇ ಹೊತ್ತಿಗೆ ಮಗು ಎಚ್ಚೆತ್ತು ಅಳತೊಡಗಿತು. ಕುಡಿಗಳೆಲ್ಲ ತಿರುಗಿ ಕಿಟಕಿಯೊಳಗೆ ನುಗ್ಗಿದವು.

"ಚಾಕ್ಕ ಸಕ್ರಿ ಹಾಕಾಕ ಬರಂಗಿಲ್ಲ ನಿನಗ! ರೊಟ್ಟಿ ಬಡದ್ರ ಹಂಚಿನಷ್ಟ ದಪ್ಪ! ನಿಮ್ಮವ್ವ ಏನ ಕಲಿಸ್ಯಾಳ?" ನೀಲಗಂಗವ್ವ ಗಂಟಲು ಹರಿಯುವಂತೆ ಕಿರುಚಿದಳು.

ಕುಡಿಗಳು ತೊಟ್ಟಿಲು ಬಿಟ್ಟು ಗೋಡೆಯತ್ತ ಹೊರಳಿದವು. ಬೈಗುಳದಲ್ಲಿ ಒಂದು ಸಾಲೂ ಮರೆಯಲಿಲ್ಲ.

ಬೇರು ತುಂಡಾದ ಮೇಲೂ ಅತ್ತೆ ಬೈಯುತ್ತಲೇ ಇದ್ದಳು. ಶಾಂಭವಿ ಮಗುವನ್ನು ತಂದು ಅವಳ ಕೈಗಿಟ್ಟ ಮೇಲಷ್ಟೇ ನಿಲ್ಲಿಸಿದಳು.