ಮುಯ್ಯಿ ಬಾಕಿ

ಪಕ್ಕದ ಗದ್ದೆಯ ಗುಡ್ಡಮ್ಮ ಅಂಗಳದವರೆಗೆ ಬಂದವಳು ಜಗಲಿ ಹತ್ತಲಿಲ್ಲ. ಸೆರಗಿನ ಗಂಟು ಬಿಚ್ಚಿ, ಮಡಿಸಿದ ನೋಟುಗಳನ್ನು ಜಗಲಿಯ ಅಂಚಿಗಿಟ್ಟು, ಗಾಳಿಗೆ ಹಾರದಂತೆ ಮೇಲೊಂದು ಕಲ್ಲನ್ನೂ ಇಟ್ಟಳು. ಊಟ ಮುಗಿಸಿ ಕೈ ತೊಳೆಯುತ್ತಿದ್ದ ಪರಮಶಿವಪ್ಪನ ತಂಬಿಗೆ ಕೈಯಲ್ಲೇ ನಿಂತಿತು. ಅವನ ಹೆಂಡತಿ ನೀಲಾಂಬಿಕ ಈ ಮನೆಗೆ ಬಂದಂದಿನಿಂದ ಗುಡ್ಡಮ್ಮ ಅಂಗಳದಲ್ಲಿ ನಿಂತು ಮಾತಾಡಿದವಳಲ್ಲ. ಹಿತ್ತಲ ಬಾಗಿಲಿಂದ ನೇರ ಒಳಗೆ ಬಂದು ಒಲೆಯ ಮುಂದೆ ಕೂರುವವಳು.

“ನಮ್ಮ ಹುಡುಗ ಮಾಂತೇಶನ ಫೋನಿಗೆ ನಿಮ್ಮನೆ ದುಡ್ಡು ಬಂದಿತ್ತಂತೆ, ನಿನ್ನೆ ಹೇಳ್ದ. ಬಿಡಿಸ್ಕೊಂಡು ತಂದೀನಿ,” ಎಂದಳು. “ನಾನು ಯಾವತ್ತು ನಿಮ್ಮಲ್ಲಿಗೆ ಕೂಲಿಗೆ ಬಂದಿದ್ದೆ ಅಣ್ಣ?”

ದುಡ್ಡು ಹೋದ ಬಗೆ ಪರಮಶಿವಪ್ಪನಿಗೆ ಗೊತ್ತಿತ್ತು. ಹೊಲಗದ್ದೆಯ ಲೆಕ್ಕವನ್ನೆಲ್ಲ ಬರೆದಿಡುತ್ತಿದ್ದವಳು ನೀಲಾಂಬಿಕ. ಸಂಜೆ ಅವನು ಕಾಲು ತೊಳೆದು ಜಗಲಿಗೆ ಬಂದು ಕೂತರೆ, ಅವಳು ದೇವರ ದೀಪ ಹಚ್ಚಿ, ವಿಭೂತಿ ಇಟ್ಟುಕೊಂಡು, ಕೆಂಪು ರಟ್ಟಿನ ಪುಸ್ತಕ ತೆಗೆಯುವಳು. ಅವನು ಹೇಳುವುದು, ಅವಳು ಬರೆಯುವುದು. ಗೊಬ್ಬರಕ್ಕೆ ಇಷ್ಟು, ಟ್ರ್ಯಾಕ್ಟರಿಗೆ ಇಷ್ಟು. ನಡುವೆ ಬೀಡಿಗೆ ಹೋದದ್ದನ್ನು ಅವನು ನುಂಗಿಕೊಂಡರೆ, “ಕೆಮ್ಮಿಗೆ ಎಷ್ಟಾಯ್ತು, ಅದನ್ನೂ ಹೇಳ್ರಿ” ಎಂದು ತಲೆಯೆತ್ತದೆಯೇ ಕೇಳುವಳು. ಮುಯ್ಯಾಳಿಗೆ ಮಾತ್ರ ಅವಳು ರೂಪಾಯಿ ಬರೆದದ್ದಿಲ್ಲ. ನಿನ್ನ ಗದ್ದೆಗೆ ನಾನು, ನನ್ನ ಗದ್ದೆಗೆ ನೀನು ಎನ್ನುವ ಕೆಲಸಕ್ಕೆ ಬೆಲೆ ಎಲ್ಲಿಂದ ಬರಬೇಕು? ಬಂದು ದುಡಿದವರ ಹೆಸರಿನ ಮುಂದೆ ದಿನಕ್ಕೊಂದು ಗೀಟು ಎಳೆಯುವಳು. ತಾನು ಹೋಗಿ ನೆಟ್ಟು ಬಂದ ದಿನ ಆ ಗೀಟನ್ನು ಅಡ್ಡ ಹೊಡೆಯುವಳು.

ಹೋದ ಮಾಗಿಯಲ್ಲಿ ಅವಳು ಲಿಂಗೈಕ್ಯಳಾದಳು. ಬೇಸಿಗೆಯಲ್ಲಿ ಮಗ ಈಶ್ವರ್, ಲೆಕ್ಕವೆಲ್ಲ ಫೋನಿನಲ್ಲಿದ್ದರೆ ಸೊಸೈಟಿಗೂ ಅನುಕೂಲ, ನಮಗೂ ಅನುಕೂಲ ಎಂದ. ಅವನ ಹೆಂಡತಿ ಚೈತ್ರಶ್ರೀ ಅತ್ತೆಯ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಸಾಲನ್ನು ಭಕ್ತಿಯಿಂದಲೇ ಫೋನಿಗೆ ಇಳಿಸಿದಳು. ಕೊನೆಯ ಪುಟಕ್ಕೆ ಬಂದಾಗ ಗುಡ್ಡಮ್ಮನ ಹೆಸರಿನ ಮುಂದೆ ಎರಡು ಗೀಟು ಅಡ್ಡ ಹೊಡೆಯದೆ ಉಳಿದಿದ್ದವು. ಮೊತ್ತ ತುಂಬದೆ ಫೋನು ಮುಂದಕ್ಕೆ ಬಿಡಲೊಲ್ಲದು. ಏನು ಹಾಕಲಿ ಮಾವ ಎಂದು ಅವಳು ಕೇಳಿದಳು. ಪರಮಶಿವಪ್ಪ ಆ ಎರಡು ಗೀಟುಗಳ ಮೇಲೆ ಬೆರಳಾಡಿಸಿದ. ಹೋದವಳು ಹೊರೆ ಹೊತ್ತು ಹೋಗಬಾರದು, ಶಿವನ ಮುಂದೆ ಬರಿಗೈಯಲ್ಲಿ ನಿಲ್ಲಬೇಕು. ಈಗಿನ ಕೂಲಿಯ ದರ ಹೇಳಿ, ಕಳಿಸಿಬಿಡು ಎಂದ. ಬಾಕಿಯ ಜಾಗದಲ್ಲಿ ಸೊನ್ನೆ ಮೂಡಿತು. ಆ ಸೋಮವಾರ ಬಳ್ಳಿಗಾವಿಯ ಕೇದಾರೇಶ್ವರನಿಗೆ ಬಿಲ್ವ ಏರಿಸಿ, ಹೆಂಡತಿಯ ಋಣ ಹರಿಯಿತು ಎಂದು ಕಣ್ಣೊರೆಸಿಕೊಂಡು ಬಂದಿದ್ದ.

ಈಗ ಅದನ್ನೇ ತಡವರಿಸುತ್ತ ಗುಡ್ಡಮ್ಮನಿಗೆ ಹೇಳಿದ. ಅವಳು ತಲೆ ತಗ್ಗಿಸಿ ಕೇಳಿದಳು.

“ಋಣ ಹರೀಲಿ ಅಂತ ನಾನು ಕೇಳಿದ್ನಾ?” ಎಂದಳು. “ಅಕ್ಕ ಒಂದು ವರ್ಷನೂ ಪೂರಾ ತೀರಿಸ್ಲಿಲ್ಲ, ನಾನೂ ತೀರಿಸ್ಲಿಲ್ಲ. ಒಂದೆರಡಾಳು ಆ ಕಡೆ, ಇಲ್ಲ ಈ ಕಡೆ, ಉಳಿಸ್ಕೊಂಡೇ ಬಂದ್ವಿ. ಪೂರಾ ತೀರಿಸಿದ್ರೆ ಆಮೇಲೆ ಯಾವ ನೆಪಕ್ಕೆ ಬರೋದು ಅಂತ ನಗ್ತಿದ್ಲು. ಈಗ ನೀವು ತೀರಿಸಿಬಿಟ್ರಿ. ನಾನಿನ್ನು ಈ ಮನೆಗೆ ಯಾತಕ್ಕೆ ಬರ್ಲಿ, ಹೇಳ್ರಿ.”

ಹೆಂಡತಿ ಹೋದ ಮೇಲೂ ಹಿತ್ತಲ ಬಾಗಿಲು ತೆರೆಯುತ್ತಿದ್ದದ್ದು ಈ ಒಬ್ಬಳಿಗಾಗಿ. ಅದನ್ನೂ ತಾನೇ ಕೈಯಾರೆ ಮುಚ್ಚಿದಂತಾಯಿತಲ್ಲ ಎಂದು ಪರಮಶಿವಪ್ಪನಿಗೆ ಅನಿಸಿತು. ಬಾಗಿಲಲ್ಲಿ ನಿಂತಿದ್ದ ಸೊಸೆಯ ಕಡೆ ತಿರುಗಿ, ಅದನ್ನು ಮೊದಲಿನಂತೆ ಬಾಕಿ ಎಂದೇ ಇಡಲು ಬರುವುದಿಲ್ಲವೇ ಎಂದು ಕೇಳಿದ.

“ಇಡಬೋದು ಮಾವ,” ಚೈತ್ರಶ್ರೀ ಫೋನು ಒತ್ತಿ ನೋಡಿದಳು. “ಆದ್ರೆ ತೀರಿಸೋ ತಾರೀಕು ಕೇಳ್ತದೆ.”

ಗುಡ್ಡಮ್ಮನ ಮುಖದಲ್ಲಿ ಮೊದಲ ಸಲ ನಗು ಸುಳಿಯಿತು. “ಅದಕ್ಕೆ ಬಾಳ ಅವಸರ ಕಣವ್ವ. ನಾನು ಅಕ್ಕನ ಹತ್ರ ಹೋದಾಗ ಕೇಳಿ ಇಸ್ಕೊಂತೀನಿ, ತಾಳು ಅನ್ನು.”

ಚೈತ್ರಶ್ರೀ ನಗಲಿಲ್ಲ. ಫೋನನ್ನು ಕಿಟಕಿಯಲ್ಲಿಟ್ಟು ಜಗಲಿ ಇಳಿದು ಬಂದಳು. ನಾಳೆ ನಿಮ್ಮಲ್ಲಿ ನಾಟಿಯಂತಲ್ಲ, ಅತ್ತೆಯ ಬದಲು ನಾನು ಬರುತ್ತೇನೆ ಎಂದಳು. ಗುಡ್ಡಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಬಾ. ಬಂದ್ರೆ ಅದು ನಿನ್ನ ಲೆಕ್ಕ. ಅಕ್ಕಂದು ಅಕ್ಕಂದೇ.”

ಹಾಗೆಂದವಳು ನೋಟುಗಳನ್ನು ಅಲ್ಲೇ ಬಿಟ್ಟು, ಮನೆಯನ್ನು ಬಳಸಿ ಹಿತ್ತಲ ಕಡೆ ನಡೆದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ, ಒಲೆ ಆರಿಸಿ ಕೂತಿದ್ದೀರಲ್ಲ, ಚಾ ಕಾಸೋರು ಯಾರೂ ಇಲ್ಲವೇ ಎಂಬ ಗದರಿಕೆ ಕೇಳಿಸಿತು.

ಮರುದಿನ ಪರಮಶಿವಪ್ಪ ಬುತ್ತಿ ಹೊತ್ತುಕೊಂಡು ಗುಡ್ಡಮ್ಮನ ಗದ್ದೆಯ ಬದುವಿನ ಮೇಲೆ ಹೋಗಿ ನಿಂತ. ಹೆಂಗಸರು ಸಾಲಾಗಿ ಬಾಗಿ ಸಸಿ ನೆಡುತ್ತ ಹಿಂದೆ ಹಿಂದೆ ಸರಿಯುತ್ತಿದ್ದರು. ಗುಡ್ಡಮ್ಮನಿಗೂ ಚೈತ್ರಶ್ರೀಗೂ ನಡುವೆ ಒಬ್ಬಳು ನಿಲ್ಲುವಷ್ಟು ಜಾಗ ಖಾಲಿಯಿತ್ತು. ಸಾಲು ತಪ್ಪಿತೆಂದುಕೊಂಡು ಚೈತ್ರಶ್ರೀ ಅಲ್ಲಿಗೆ ಸರಿಯಲು ಹೋದಳು. ಗುಡ್ಡಮ್ಮ ತಲೆಯೆತ್ತದೆ, ಮೊಣಕೈಯಿಂದ ಅವಳನ್ನು ಮೆಲ್ಲಗೆ ಪಕ್ಕಕ್ಕೆ ನೂಕಿದಳು. ಆಮೇಲೆ ಇಬ್ಬರೂ ಎರಡು ಕಡೆಯಿಂದ ಕೈಚಾಚಿ, ಆ ಖಾಲಿ ಜಾಗಕ್ಕೂ ಸಸಿ ನೆಡುತ್ತ ಹಿಂದೆ ಸರಿದರು.