ದೀಪ ಆರಿಸುವ ಮುದುಕಿ

ಸ್ನೇಹಾಳ ಹಡಗು ಮತ್ತೆ ಮುಳುಗಿತು.

ಸೈರನ್ ನಿಂತಿತು. ಅವಳು ಕಣ್ಣಿಗೆ ಕಟ್ಟಿದ್ದ ಹೆಡ್‌ಸೆಟ್ ತೆಗೆದಳು. ಎದುರಿಗೆ ಸಮುದ್ರವಿರಲಿಲ್ಲ. ಸುಲ್ತಾನ್ ಬತ್ತೇರಿಯ ಬಸ್ ನಿಲ್ದಾಣದ ಪಕ್ಕದ ಕಟ್ಟಡ, ಎರಡನೇ ಮಹಡಿ, ಒಂದು ಫ್ಯಾನ್, ಮುಖ ಗಂಟಿಕ್ಕಿಕೊಂಡ ಪ್ರಜೀಷ್. ಹಡಗಿನ ಕೆಲಸಕ್ಕೆ ಹೋಗುವವರಿಗೆ ವಿಡಿಯೋ ಗೇಮ್‌ನಲ್ಲೇ ಹಡಗು ಮುಳುಗಿಸಿ, ಜನರನ್ನು ಪಾರುಮಾಡುವುದನ್ನು ಕಲಿಸುವವನು ಅವನು. ಸಮುದ್ರವೇ ಇಲ್ಲದ ವಯನಾಡಿನಲ್ಲಿ ಈ ಪಾಠ ಚೆನ್ನಾಗಿಯೇ ನಡೆಯುತ್ತಿತ್ತು.

"ಪುನಃ ಆ ಮುದುಕಿ ಹತ್ರ ನಿಂತೆಯಾ ಮೋಳೇ?" ಮಗಳೇ ಎನ್ನುವುದನ್ನು ಅವನು ಮಲಯಾಳದಲ್ಲೇ ಹೇಳುತ್ತಿದ್ದ.

"ಅವರು ಏಳ್ತಾನೇ ಇಲ್ಲ ಸರ್."

"ಏಳಲ್ಲ. ಅವಳ ಕೆಲಸ ಅದು. ನಿನ್ನ ಕೆಲಸ ದೋಣಿ ಹತ್ರ. ಕೋಣೆ ಕೋಣೆ ಹುಡುಕೋದಕ್ಕೆ ಬೇರೆಯವರಿದ್ದಾರೆ. ನೀನು ಹೋಗದಿದ್ರೆ ದೋಣಿ ಇಳಿಯಲ್ಲ, ಅದರಲ್ಲಿದ್ದವರೆಲ್ಲ ಹೋದ್ರು."

ಅದು ಸ್ನೇಹಾಳಿಗೂ ಗೊತ್ತಿತ್ತು. ನಾಳೆ ಕೊನೆಯ ಪರೀಕ್ಷೆ. ಪಾಸಾದರೆ ಕೊಚ್ಚಿಯಿಂದ ಹೊರಡುವ ಪ್ರವಾಸಿ ಹಡಗಿನಲ್ಲಿ ಕೆಲಸ. ಇಲ್ಲದಿದ್ದರೆ ಮೀನಂಗಡಿ ಎಂಬ ತನ್ನೂರಿನ ಬಟ್ಟೆ ಅಂಗಡಿಯಲ್ಲಿ ಮೊದಲಿನ ಹಾಗೆ ಸೀರೆ ಮಡಿಸುವುದು. ಆದರೂ ಆ ಬಾಗಿಲಿನೆದುರು ಅವಳ ಕಾಲು ನಿಂತೇಬಿಡುತ್ತಿತ್ತು. ಗೇಮ್‌ನ ಉಳಿದ ಪ್ರಯಾಣಿಕರು ಕಿರುಚುತ್ತಾರೆ, ಓಡುತ್ತಾರೆ. ಈ ಮುದುಕಿ ಮಾತ್ರ ಸೈರನ್ ಕೇಳಿದೊಡನೆ ಕೋಣೆಯ ದೀಪ ಆರಿಸಿ, ಮಂಚದ ತುದಿಯಲ್ಲಿ ಕೈಕಟ್ಟಿ ಕೂರುತ್ತಾಳೆ. ಸ್ನೇಹಾಳ ಜೊತೆ ಕಲಿಯುತ್ತಿದ್ದವರು ಅವಳತ್ತ ನೋಡದೆ ಓಡಿ ಪಾಸಾಗಿದ್ದರು. ಸ್ನೇಹಾ ಒಬ್ಬಳೇ ಪ್ರತಿ ಸಲ ಕನ್ನಡದಲ್ಲಿ "ಅಜ್ಜೀ, ಏಳಿ" ಎನ್ನುತ್ತಾ ನಿಲ್ಲುತ್ತಿದ್ದಳು. ದೀಪ ಆರಿಸುವ ಹೆಂಗಸು ಅವಳಿಗೆ ಮನೆಯನ್ನು ನೆನಪಿಸುತ್ತಿದ್ದಳು.

ಮನೆ ಮೀನಂಗಡಿಯಲ್ಲಿ. ಕನ್ನಡ ಮಾತಾಡುವ ಜೈನರ ಮನೆ, ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು. ಬತ್ತೇರಿಯಲ್ಲಿ ಮೆಣಸು ಆರಿಸುವ ಕೆಲಸವೆಂದು ಬೆಳಿಗ್ಗೆ ಹೊರಡುವ ಅಮ್ಮ ಕಮಲಾವತಿ, ಮಗಳಿಗಿಂತ ಒಂದು ಬಸ್ ಮುಂಚೆ ಬಂದು ಅನ್ನಕ್ಕಿಡುತ್ತಿದ್ದಳು. ಅಂದೂ ಊಟವಾದ ಮೇಲೆ, ಹುಳ ಬಂದು ಬಿದ್ದು ಸಾಯದಿರಲೆಂದು ಅಡುಗೆಮನೆಯ ದೀಪ ಆರಿಸಿ ಜಗಲಿಗೆ ಬಂದಳು. ಮಗಳು ಹಡಗಿಗೆ ಹೋಗುತ್ತೇನೆಂದಾಗ ಒಮ್ಮೆ ಬೇಡವೆಂದಿದ್ದಳು. ಆಮೇಲೆ ಆ ಮಾತೆತ್ತಿರಲಿಲ್ಲ.

"ಇವತ್ತೂ ಆಗ್ಲಿಲ್ಲಮ್ಮ. ಒಬ್ಬಳು ಮುದುಕಿ ಇದ್ದಾಳೆ. ಬಿಟ್ಟು ಹೋಗೋಕೆ ನನ್ನಿಂದ ಆಗಲ್ಲ."

ಕಮಲಾವತಿ ಕೊಬ್ಬರಿ ಎಣ್ಣೆ ತಂದು, ಹೆಡ್‌ಸೆಟ್‌ನ ಪಟ್ಟಿ ಮಗಳ ಹಣೆಯಲ್ಲಿ ಒತ್ತಿದ್ದ ಕೆಂಪು ಗೆರೆಗೆ ಹಚ್ಚಿದಳು. ಬೆರಳಲ್ಲಿ ಉಳಿದದ್ದನ್ನು ತನ್ನ ಹಣೆಗೂ ಉಜ್ಜಿಕೊಂಡಳು.

"ನಾಳೆ ಆ ಕಡೆ ನೋಡ್ಬೇಡ. ಮಂಚ ಬಿಟ್ಟು ಏಳದವಳನ್ನ ನೀನು ಹೇಗೆ ಎಬ್ಬಿಸ್ತೀಯ?"

"ಅಲ್ಲಿ ನೀನಿದ್ದಿದ್ರೆ?"

"ನಾನಿದ್ರೂ ಹೋಗು. ಮುಳುಗೋ ಕಪ್ಪಲು ನನಗೋಸ್ಕರ ನಿಲ್ತದಾ?"

ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಆ ಮನೆಯ ಮಾತುಗಳೆಲ್ಲ ಹೀಗೇ, ಉಪ್ಪು ಹಾಕದ ಗಂಜಿಯ ಹಾಗೆ.

ಮರುದಿನ ಸೈರನ್ ಕೂಗಿತು. ನೆಲ ವಾಲಿತು. ಸ್ನೇಹಾ ಓಡಿದಳು. ಆ ಬಾಗಿಲು ಬಂತು; ಒಳಗೆ ದೀಪ ಆರಿತು. ನೋಡಬಾರದೆಂದುಕೊಂಡೇ ನೋಡಿದಳು. ನಿಂತಳು.

"ಅಜ್ಜೀ..."

ಮುದುಕಿ ಎದ್ದಳು. ಇಷ್ಟು ದಿನದಲ್ಲಿ ಅದೇ ಮೊದಲು. ಸ್ನೇಹಾ ಕೈ ಚಾಚಿದಳು. ಮುದುಕಿ ಬಾಗಿಲಿನವರೆಗೆ ಬಂದು, ಆ ಕೈಯನ್ನು ಸ್ವಲ್ಪ ಹೊತ್ತು ನೋಡಿ, ಒಳಗಿನಿಂದ ಬಾಗಿಲು ಹಾಕಿಕೊಂಡಳು.

ಸ್ನೇಹಾ ಬಾಗಿಲು ಬಡಿದಳು. ತೆರೆಯಲಿಲ್ಲ. ನೀರು ಕಾಲಿಗೆ ಬಂತು. ಅವಳು ಓಡಿದಳು. ಜನ ಹತ್ತಿದರು, ದೋಣಿ ಇಳಿಯಿತು.

ಪ್ರಜೀಷ್ ಚಪ್ಪಾಳೆ ತಟ್ಟಿದ. "ಪಾಸ್!"

ಸ್ನೇಹಾಳಿಗೆ ಏನೂ ಅನ್ನಿಸಲಿಲ್ಲ. ಸಂತೋಷ ಬರುತ್ತದೇನೋ ಎಂದು ಕಾದಳು, ಬರಲಿಲ್ಲ.

"ಆ ಮುದುಕಿ ಇವತ್ತು ಯಾಕೆ ಎದ್ದಳು ಸರ್? ಗೇಮ್ ಬದಲಾಯಿಸಿದ್ರಾ?"

ಪ್ರಜೀಷ್ ಪಕ್ಕದ ಕೋಣೆಯ ಮುಚ್ಚಿದ ಬಾಗಿಲಿನತ್ತ ನೋಡಿದ.

"ಇಲ್ಲ ಮೋಳೇ. ನಾನು ಹಾಗೆ ಹೇಳಿಕೊಟ್ಟಿರಲಿಲ್ಲ."

ಆ ಬಾಗಿಲಿನಾಚೆ, ಗೇಮ್‌ನ ಮುದುಕಿಯನ್ನು ಆಡಿಸುವ ಕೆಲಸದ ಕಮಲಾವತಿ ತನ್ನ ಹೆಡ್‌ಸೆಟ್ ತೆಗೆದಿಟ್ಟಳು, ಹಣೆಯ ಗೆರೆ ಉಜ್ಜಿಕೊಂಡಳು, ದೀಪ ಆರಿಸಿ, ಮಗಳಿಗಿಂತ ಮುಂಚಿನ ಬಸ್ಸಿಗೆಂದು ಹಿಂದಿನ ಮೆಟ್ಟಿಲಿಳಿದಳು.